ನೇಸರಿಯ ಆಚೆ ಬಿಳಿ ಮಣ್ಣಿನ ಹೊಲ

ಇಚಲಕರಂಜಿಯಿಂದ ಬೆಳಿಗ್ಗೆ ಏಳರ ಕೆಂಪು ಬಸ್ಸಿಗೆ ಹೊರಟೆ. ಕೊಲ್ಹಾಪುರದಲ್ಲಿ ಒಮ್ಮೆ, ಗಡಹಿಂಗ್ಲಜದಲ್ಲಿ ಇನ್ನೊಮ್ಮೆ ಬಸ್ಸು ಬದಲಿಸಿ ನೇಸರಿ ಮುಟ್ಟಬೇಕಿತ್ತು. ಹೆಂಗಸರಿಗೆ ಅರ್ಧ ಟಿಕೆಟ್ ಆದಾಗಿನಿಂದ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ ಎಂದು ಮನೆಯವರು ಹಂಗಿಸುತ್ತಾರೆ. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದ ನನಗೆ ಊರೂರಿನ ಮಣ್ಣು ನೋಡಿ, ಹೊಲಗಳ ಹೆಸರು ಬರೆದುಕೊಳ್ಳುವ ಚಟ.

ಈ ಸಲ ಹುಡುಕಿಕೊಂಡು ಹೊರಟಿದ್ದು ಒಂದು ಹಾಳೂರನ್ನು. ನೇಸರಿಯ ಆಚೆ ಯಾವಾಗಲೋ ಜನ ಬಿಟ್ಟುಹೋದ ಊರಿನ ದಿಬ್ಬವಿದೆ, ಮಣ್ಣು ಬೆಳ್ಳಗಿದೆ ಎಂದು ನಾದಿನಿ ಹೇಳಿದ್ದಳು. ಒಲೆಯ ಬೂದಿ, ಸಗಣಿ, ಬಿದ್ದ ಗೋಡೆ ಎಲ್ಲ ತಲೆಮಾರುಗಟ್ಟಲೆ ಬೆರೆತು ಜನ ಬಾಳಿದ ನೆಲ ಬಿಳಿಯಾಗುತ್ತದೆ. ಮರಾಠಿಯವರು ಅದಕ್ಕೆ ಪಾಂಢರಿ ಎನ್ನುತ್ತಾರೆ.

ನಿಪ್ಪಾಣಿಯವರೆಗೂ ಕಿಟಕಿಯಾಚೆ ಕರಿ ಮಣ್ಣು, ಕಬ್ಬು. ಗಡಹಿಂಗ್ಲಜ ದಾಟಿದ ಮೇಲೆ ನೆಲ ಕೆಂಪೇರಿತು.

“ಅಕ್ಕಾರ, ನೇಸರಿಯೊಳಗ ಯಾರ ಮನಿಗ್ರಿ?” ಎಂದ ಕಂಡಕ್ಟರ್.

“ಯಾರ ಮನಿಗೂ ಅಲ್ಲರಿ. ಮಣ್ಣ ನೋಡಾಕ ಹೊಂಟೇನಿ.”

“ನಿಮ್ಮೂರಾಗ ಮಣ್ಣ ಇಲ್ಲೇನ್ರಿ?” ಎಂದು ನಕ್ಕು ಚೀಟಿ ಹರಿದುಕೊಟ್ಟ.

ನೇಸರಿಯಲ್ಲಿ ಇಳಿದು ಬಿಸಿಲಲ್ಲಿ ಒಂದು ತಾಸು ನಡೆದೆ. ದಿಬ್ಬದ ಸುಳಿವೇ ಇಲ್ಲ. ಒಂದು ಹೊಲದಲ್ಲಿ ಗೌರವ್ವ ಎಂಬ ಐವತ್ತರ ಹೆಂಗಸು ಒಬ್ಬಳೇ ಶೇಂಗಾ ಕೀಳುತ್ತಿದ್ದಳು. ಹಾಳೂರ ದಿಬ್ಬ ಎಲ್ಲಿ ಎಂದು ಕೇಳಿದೆ.

“ದಿಬ್ಬ ಈಗ ಎಲ್ಲಿಂದ ಬರಬೇಕ್ರಿ? ಅದರ ಮ್ಯಾಲ ನಿಂತೀರಲ್ಲ.”

ಆ ಮಣ್ಣು ಗೊಬ್ಬರಕ್ಕೆ ಸಮವಂತೆ. ಅವಳ ಮಾವನ ಕಾಲದಿಂದಲೂ ಗಾಡಿಗಟ್ಟಲೆ ಅಗೆದು ಸುತ್ತಲಿನ ಹೊಲಗಳಿಗೆ ಹರಡಿದ್ದರು. ದಿಬ್ಬವನ್ನು ಹುಡುಕುತ್ತ ನಾನು ಊರನ್ನೇ ತುಳಿದುಕೊಂಡು ಬಂದಿದ್ದೆ. ಬದುವಿನ ಮೇಲೆ ಮಡಕೆ ಚೂರು, ಬಳೆಯ ತುಂಡು, ಬೀಸುಕಲ್ಲಿನ ಅರ್ಧ ಬಿದ್ದಿದ್ದವು. ನನಗೆ ಹಿಗ್ಗೋ ಹಿಗ್ಗು. ಅಲ್ಲೇ ಕೂತು ಹೆಜ್ಜೆ ಲೆಕ್ಕದಲ್ಲಿ ನಕಾಶೆ ಬರೆದೆ.

“ಪೇಪರಿಗೆ ಬರದು ಕಳಸ್ತೇನಿ. ಮಂದಿ ನೋಡಾಕ ಬರ್ತಾರ ನೋಡ್ರಿ,” ಎಂದೆ.

ಗೌರವ್ವನ ಕೈ ನಿಂತಿತು. “ಹಳೇ ಊರ ಅಂತ ಗೊತ್ತಾತಂದ್ರ ಸರಕಾರದವರು ನೇಗಿಲಾ ಹೂಡಾಕ ಬಿಡ್ತಾರೇನ್ರಿ? ನಮ್ಮ ಮನಿಯವರು ತೀರಿಕೊಂಡ ಮ್ಯಾಲ ನನ್ನ ಹೆಸರಿಗೆ ಆಗಿದ್ದು ಇದೊಂದ ಹೊಲದ ಪಟ್ಟಿ.”

ಹಾಗೇನೂ ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಆಗುವುದಿಲ್ಲವೆಂದು ನನಗೇನು ಗೊತ್ತು? ನಾಚಿಕೆಯಾಯಿತು.

“ಹಂಗಾರ ಬರಿಯಾಂಗಿಲ್ಲ ಬಿಡ್ರಿ.”

“ಬರೀರಿ. ನಮ್ಮ ಮಣ್ಣ ಭಾಳ ಚಲೋ ಐತಿ ಅಂತ ಬರೀರಿ. ದಾರಿ ಬರೀಬ್ಯಾಡ್ರಿ.”

ನಕಾಶೆಯ ಹಾಳೆ ಹರಿದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ನೋಡಲೂ ಇಲ್ಲ. ಅದರಲ್ಲೇ ಹಸಿ ಶೇಂಗಾ ಕಟ್ಟಿ, “ಬಸ್ಸಿನ್ಯಾಗ ತಿನ್ರಿ,” ಎಂದು ತಿರುಗಿ ನನಗೇ ಕೊಟ್ಟಳು.

ಸಂಜೆಯ ಬಸ್ಸಿನಲ್ಲಿ ಪೊಟ್ಟಣ ಬಿಚ್ಚಿದೆ. ಶೇಂಗಾ ಸಿಹಿಯಾಗಿದ್ದವು. ನಕಾಶೆ ಎಲ್ಲೂ ಅಳಿಸಿರಲಿಲ್ಲ. ಹಳ್ಳ, ತಿರುವು, ಬೇವಿನ ಮರ ಎಲ್ಲ ಸ್ಪಷ್ಟವಾಗಿದ್ದವು. ಇಟ್ಟುಕೊಳ್ಳುವ ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಗಡಹಿಂಗ್ಲಜ ಬರುವುದರೊಳಗೆ ಅದನ್ನು ಚೂರು ಚೂರು ಮಾಡಿ ಸಿಪ್ಪೆಯ ಜೊತೆ ಚೀಲಕ್ಕೆ ಹಾಕಿಕೊಂಡೆ. ಮಣ್ಣು ಭಾಳ ಚಲೋ ಇದೆ. ದಾರಿ ಕೇಳುವವರಿಗೆ ನೇಸರಿ ಸ್ಟ್ಯಾಂಡಿನವರೆಗೆ ಮಾತ್ರ ಹೇಳುತ್ತೇನೆ.