ನನ್ನ ವ್ಯಾನಿಗೂ ಹೊಂದಿದ ಕೂಸಿನ ಸೀಟು

ಗೋಕುಲ ರಸ್ತೆಯ ಅಂಗಡಿಯ ಮುಂದೆ ನಮ್ಮ ಮೂರು ಗಾಡಿಗಳು ಸಾಲಾಗಿ ನಿಂತಿದ್ದವು: ಅಳಿಯನ ಹೊಸ ಕಾರು, ಬೀಗರ ಜೀಪು, ನಾನು ಕಾಯಿಪಲ್ಲೆ ಸಾಗಿಸುವ ಹಳೆಯ ವ್ಯಾನು. ಬಾಣಂತನ ಮುಗಿಸಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ತೊಟ್ಟಿಲು ಕೊಡುವುದು ನಮ್ಮಲ್ಲಿ ಪದ್ಧತಿ. ಮಗಳು ಅದರ ಬದಲು ಗಾಡಿಯಲ್ಲಿ ಕೂಸನ್ನು ಕೂರಿಸುವ ಸೀಟು ಕೇಳಿದ್ದಳು. ಅವಳನ್ನೂ ಕೂಸನ್ನೂ ಕರೆದುಕೊಂಡು ಗಂಡನ ಮನೆಗೆ ಹೊರಟವರು ದಾರಿಯಲ್ಲಿ ಅಲ್ಲಿ ನಿಂತಿದ್ದೆವು.

ಮೊದಲು ತೋರಿಸಿದ ಸೀಟು ಕಾರಿಗೂ ಜೀಪಿಗೂ ಹೊಂದಿತು. ವ್ಯಾನಿನಲ್ಲಿ ಮಾತ್ರ ಬೆಲ್ಟು ಸಾಲಲಿಲ್ಲ. “ಇರ್ಲಿ ಬಿಡವಾ, ಇದನ್ನ ತಗೊಳ್ಳೋಣು” ಎಂದೆ.

ಬೀಗರು ನಕ್ಕರು. “ಮತ್ತೇನ್ರಿ, ಕೂಸಿನ್ನ ಬದನಿಕಾಯಿ ಜೋಡಿ ಕುಂದ್ರಸವ್ರಿದ್ರೇನು?”

ಮಗಳು ನಗಲಿಲ್ಲ. “ನಾ ಇದ ಗಾಡ್ಯಾಗ ಕುಂತು ಸಾಲಿಗಿ ಹೋಗೀನ್ರಿ ಮಾವಾರ. ಅಪ್ಪನ ಗಾಡಿಗಿ ಹೊಂದಲಾರದ ಸೀಟು ನನಗ ಬ್ಯಾಡ.”

ಅಂಗಡಿಯವರು ಬೇರೆ ಸೀಟುಗಳನ್ನು ತಂದು ಒಂದೊಂದಾಗಿ ಕಟ್ಟಿ ನೋಡಿದರು. ಕಡೆಗೆ ತಳ ಸಣ್ಣದಿದ್ದ ಒಂದು ಸೀಟು ಮೂರೂ ಗಾಡಿಗಳಲ್ಲಿ ಗಟ್ಟಿಯಾಗಿ ಕೂತಿತು. ಬೀಗರೇ ವ್ಯಾನು ಹತ್ತಿ ಅದನ್ನು ಎರಡೂ ಕೈಯಿಂದ ಜಗ್ಗಿದರು. “ಅಳ್ಳಾಡಂಗಿಲ್ರಿ. ಮನೀತನಕ ಮೊಮ್ಮಗಳು ಇದರಾಗ ಬರ್ಲಿ, ನಾ ಹಿಂದ ಬರ್ತೀನಿ” ಎಂದರು.

ಶಾಲೆ ಅರ್ಧಕ್ಕೆ ಬಿಟ್ಟವನು ನಾನು, ಸಂಸಾರ ಕಟ್ಟಿದ್ದು ಈ ಗಾಡಿಯಿಂದಲೇ. ಅಂದು ರಾಯಾಪುರ ದಾಟುವಾಗ ಹಿಂದಿನ ಸೀಟಿನಲ್ಲಿ ಕೂಸು ಮಲಗಿತ್ತು, ನನ್ನ ವ್ಯಾನಿನ ಹಿಂದೆ ಹೊಸ ಕಾರು, ಜೀಪು. ನಾನು ಎಂದೂ ಅಷ್ಟು ನಿಧಾನವಾಗಿ, ಅಷ್ಟು ಠೀವಿಯಿಂದ ಗಾಡಿ ಓಡಿಸಿರಲಿಲ್ಲ.