ಹೊರಟವರನ್ನು ಎಲ್ಲಿಗೆಂದು ಕೇಳಬೇಡಿ

ಕುಮಟಾ ಸ್ಟೇಷನ್‌ನಲ್ಲಿ ರೈಲು ಬಂದು ನಿಂತಿದೆ. ನಿಲ್ಲುವುದೇ ಎರಡು ನಿಮಿಷ. ಏರ್‌ಫೋರ್ಸಿನ ಗಣಪತಿ ಬ್ಯಾಗು ಹೆಗಲಿಗೇರಿಸಿ ಹೊರಟಿದ್ದಾನೆ. ಆಗ ಒಬ್ಬ ಮಹಾನುಭಾವ ಕೇಳಿಬಿಟ್ಟ, ‘ಈಗ ಎಲ್ಲಿಗೆ?’

(ಆ ಮಹಾನುಭಾವ ನಾನೇ.)

ಗಣಪತಿ ಮಂಕಿಯಲ್ಲಿ ನಮ್ಮ ಪಕ್ಕದ ಮನೆಯವನು. ಗಡಿಯಲ್ಲಿ ಯುದ್ಧ ಶುರುವಾಗಿ ಅವನ ರಜೆ ರದ್ದಾಗಿತ್ತು. ಅವನನ್ನೂ, ಮೀನು ಮಾರುವ ಅವನ ತಾಯಿ ನಾಗಮ್ಮಕ್ಕನನ್ನೂ ನಾನೇ ಕಾರಿನಲ್ಲಿ ಕರೆತಂದಿದ್ದೆ.

ದಾರಿಯುದ್ದಕ್ಕೂ ನನ್ನದೇ ಭಾಷಣ. ಟಿವಿ ನೋಡಿ ನೋಡಿ ಅರ್ಧ ಏರ್ ಮಾರ್ಷಲ್ ಆಗಿದ್ದೆನಲ್ಲ! ಯಾವ ಕ್ಷಿಪಣಿಯ ರೇಂಜ್ ಎಷ್ಟು, ಯಾವ ರಾಡಾರ್ ಎಷ್ಟು ದೂರ ನೋಡುತ್ತದೆ, ಎಲ್ಲ ಬಾಯಿಪಾಠ. ಶರಾವತಿ ಸೇತುವೆ ದಾಟಿದ ಮೇಲೆ ಗಣಪತಿ ಬಾಯಿಬಿಟ್ಟ.

‘ಅದೆಲ್ಲಾ ಬೇಕು ಅಣ್ಣಾ. ಆದ್ರೆ ಹೋಗಿ ಬಂದ ವಿಮಾನ ಮತ್ತೆ ಎಷ್ಟು ಬೇಗ ಹಾರ್ತದೆ, ಅದೂ ನೋಡ್ಬೇಕು. ನಮ್ದು ಅದೇ ಕೆಲ್ಸ.’

ಅವನು ಪೈಲಟ್ ಅಲ್ಲ. ಇಳಿದ ವಿಮಾನವನ್ನು ಪರೀಕ್ಷಿಸಿ ಮತ್ತೆ ಹಾರಲು ಸಜ್ಜು ಮಾಡುವ ತಂಡದವನು.

‘ಬೋಟೂ ಹಂಗೇ ಅಲ್ದಾ?’ ಹಿಂದಿನ ಸೀಟಿನಿಂದ ನಾಗಮ್ಮಕ್ಕ. ‘ದಡಕ್ಕೆ ಬಂದ್ಮೇಲೇ ಡೀಸೆಲ್ಲು, ಐಸು, ಬಲೆ ರಿಪೇರಿ.’

ಇರಲಿ, ನನ್ನ ಪ್ರಶ್ನೆಗೆ ಬರೋಣ. ಹೊರಟವರನ್ನು ಎಲ್ಲಿಗೆಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಪರಿಹಾರವೂ ಇದೆ. ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು.

ನಾಗಮ್ಮಕ್ಕ ಮಗನ ತೋಳು ಹಿಡಿದರು. ‘ಕೂತ್ಕ.’

‘ಅಮ್ಮಾ, ರೈಲು...’

‘ಹೋದ್ರೆ ಮತ್ತೊಂದು ಬತ್ತದೆ. ಕೂತ್ಕ.’

ಕೂತ. ಎರಡು ಗುಟುಕು ಕುಡಿದ. ಎದ್ದು ಓಡಿ, ರೈಲು ಕದಲುವಷ್ಟರಲ್ಲಿ ಹತ್ತಿಕೊಂಡ. ಬೆವರಿದ್ದು ನಾನು.

‘ಹೆತ್ತವಳು ನಾನೇ ಕೇಳ್ಲಿಲ್ಲ. ನಿಮಗೆಂತಕ್ಕೆ ಮರ್ರೆ?’ ಎಂದರು ನಾಗಮ್ಮಕ್ಕ.

ನ್ಯಾಯವಾದ ಮಾತು. ಯಾವ ನೆಲೆಯಿಂದ ಯಾವ ವಿಮಾನ ಎತ್ತ ಹೊರಟಿತು ಎಂದು ಚಾನೆಲ್‌ಗಳು ನಕ್ಷೆಯ ಮೇಲೆ ಬಾಣ ಬಿಡಿಸುವಾಗ ಈಗ ನನಗೂ ಕಸಿವಿಸಿ. ಎದುರಾಳಿಯ ಮನೆಯಲ್ಲಿ ಟಿವಿ ಇಲ್ಲವೇ? ವಾಯುಯುದ್ಧದಲ್ಲಿ ಗುಟ್ಟೂ ಒಂದು ಆಯುಧ.

ಆಮೇಲೆ ಗಣಪತಿಯ ಫೋನ್ ಸ್ವಿಚ್ ಆಫ್. ನಾಗಮ್ಮಕ್ಕ ಮೀನು ಮಾರುತ್ತಲೇ ಇದ್ದರು, ಆದರೆ ಚೌಕಾಸಿಗೆ ಜಗಳವಾಡುವುದನ್ನು ಬಿಟ್ಟಿದ್ದರು. ನನಗೆ ಅದೇ ಹೆದರಿಕೆ.

ಕದನ ನಿಂತಿತು. ಮರುದಿನ ಮಧ್ಯಾಹ್ನ ಅವರು ನಮ್ಮ ಅಂಗಳದಲ್ಲಿ ಬುಟ್ಟಿ ಇಳಿಸುವಾಗ ಗಣಪತಿಯ ಫೋನ್ ಬಂತು. ಎಲ್ಲಿದ್ದೆ, ಏನಾಯಿತು, ಯಾರು ಗೆದ್ದರು? ನಾಗಮ್ಮಕ್ಕ ಒಂದನ್ನೂ ಕೇಳಲಿಲ್ಲ.

‘ಊಟ ಆತಾ ಮಗಾ?’

‘ಆತು ಅಮ್ಮಾ.’

ನಾಗಮ್ಮಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತರು. ನಾನೂ ಅತ್ತೆ.

ಇಡೀ ಯುದ್ಧದಲ್ಲಿ ನಾನು ನಂಬಿದ ಬ್ರೇಕಿಂಗ್ ನ್ಯೂಸ್ ಅದೊಂದೇ.