ಬನದ ಏರಿನಲ್ಲಿ ಸದ್ದಿಲ್ಲದ ಗಾಡಿ

ಮಳೆಗಾಲದ ಅಶುಭ ಆಟಿ ತಿಂಗಳಲ್ಲಿ ಹೊಸ ವಸ್ತು ಮನೆಗೆ ತರಬಾರದೆಂದು ಅತ್ತೆ ಹಟ ಹಿಡಿದಿದ್ದರು. ಹಾಗಾಗಿ ನನ್ನ ಗಂಡ ಅವಸರ ಮಾಡಿ, ಆಟಿ ಹುಟ್ಟುವ ಮುಂಚಿನ ವಾರವೇ ಮಣಿಪಾಲದ ಶೋರೂಮಿನಿಂದ ಆ ಕರೆಂಟಿನ ಗಾಡಿಯನ್ನು ಬನ್ನಂಜೆಯ ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದರು. ಎತ್ತರದ ಮೂತಿ, ಚಕ್ರದ ಸುತ್ತ ಕಪ್ಪು ಪ್ಲಾಸ್ಟಿಕ್ಕಿನ ಅಂಚು, ತಲೆಯ ಮೇಲೆ ಎರಡು ಬೆಳ್ಳಿ ಬಣ್ಣದ ಸರಳು. ಇದು ಎಸ್‌ಯುವಿ ಎಂದು ಶೋರೂಮಿನವರು ಹತ್ತು ಸಲ ಹೇಳಿದ್ದರಂತೆ. ನನಗೆ ಅದೆಲ್ಲ ತಿಳಿಯದು. ಸೀಟು ಸೊಂಟದ ಎತ್ತರಕ್ಕೆ ಇತ್ತು, ಎಂಬತ್ತು ದಾಟಿದ ಅತ್ತೆ ಮಂಡಿ ಮಡಿಸದೆ ಕೂರಬಹುದಾಗಿತ್ತು. ಅಷ್ಟು ಉಪಕಾರಕ್ಕೆ ದೇವರಿಗೆ ಕೈಮುಗಿದೆ.

ಅದರ ಮೌನ ಮಾತ್ರ ನನಗೆ ಆಗಿ ಬರಲಿಲ್ಲ. ಬಟ್ಟೆ ಒಣಗಿಸುತ್ತಿರುವಾಗ ಏಕೋ ಬೆನ್ನು ತಣ್ಣಗಾದಂತೆನಿಸಿ ತಿರುಗಿದರೆ, ಅದು ಹಿಂದೆ ನಿಂತಿರುತ್ತಿತ್ತು. ಯಾವ ಗಾಡಿ ಬಂದರೂ ಓಡುವ ನಮ್ಮ ಬೆಕ್ಕು ಇದರ ಚಕ್ರದ ಮುಂದೆಯೇ ಮಲಗಿರುತ್ತಿತ್ತು. ಬರುವುದು ಗೊತ್ತಾಗುತ್ತಿರಲಿಲ್ಲ. ಬಂದು ನಿಂತ ಮೇಲೆ, ಇಷ್ಟು ಹೊತ್ತೂ ಇಲ್ಲಿಯೇ ಇತ್ತೇನೋ ಅನಿಸುತ್ತಿತ್ತು.

ನಮ್ಮ ಕುಟುಂಬದ ಮೂಲ ನಾಗಬನ ಇರುವುದು ಕಾರ್ಕಳದ ಆಚೆ, ಒಂದು ಗುಡ್ಡದ ಮೇಲೆ. ಪ್ರತಿ ನಾಗರಪಂಚಮಿಗೆ ನಮ್ಮನ್ನು ಅಲ್ಲಿಗೆ ಹತ್ತಿಸುತ್ತಿದ್ದದ್ದು ಕಾಪುವಿನ ಒಬ್ಬ ಬ್ಯಾರಿಯವರ ಹಳೆಯ ಜೀಪು. ಕಡಲ ಬದಿಯಲ್ಲಿ ದೋಣಿಗಳನ್ನು ಮರಳಿನ ಮೇಲೆ ಎಳೆಯುವ ಜೀಪದು. ಮೀನಿನ ಮಂಜುಗಡ್ಡೆ ವ್ಯಾಪಾರದಲ್ಲಿ ನನ್ನ ಗಂಡನಿಗೂ ಅವರಿಗೂ ಬಹಳ ವರ್ಷಗಳ ಸ್ನೇಹ. ಹಬ್ಬಕ್ಕೆ ಒಂದು ವಾರ ಇರುವಾಗ ಅವರು ಬಂದರು.

"ಎಂತ ಅಣ್ಣ, ಈ ಸಲ ನನ್ನ ಜೀಪು ಬೇಡವಾ?"

"ಬೇಡ ಮಾರಾಯ. ನಮ್ಮದೇ ಎಸ್‌ಯುವಿ ಉಂಟಲ್ಲ."

"ಯಾವುದು, ಇದಾ?" ಅವರು ಅಂಗಳದಲ್ಲಿ ಮಂಡಿಯೂರಿ, ಮೊಬೈಲಿನ ಬೆಳಕು ಹಾಕಿ ಗಾಡಿಯ ಅಡಿ ನೋಡಿದರು. "ಅಣ್ಣ, ಇದು ಕಾರು. ಸ್ಟೂಲಿನ ಮೇಲೆ ಹತ್ತಿ ನಿಂತ ಕಾರು."

"ನಿನಗೆ ಹೊಟ್ಟೆಕಿಚ್ಚು."

"ಅಕ್ಕ, ನೀವಾದರೂ ಬಗ್ಗಿ ನೋಡಿ. ನನ್ನ ಜೀಪಿನ ಅಡಿಯಲ್ಲಿ ಏಣಿಯ ಹಾಗೆ ಕಬ್ಬಿಣ ಉಂಟು, ಮೈ ಅದರ ಮೇಲೆ ಕೂತದ್ದು. ಕಲ್ಲು ತಾಗಿದರೆ ಕಬ್ಬಿಣಕ್ಕೆ ತಾಗುತ್ತದೆ. ಇದಕ್ಕೆ ಏಣಿ ಇಲ್ಲ, ಮೈಯೇ ಎಲುಬು. ಹೊಟ್ಟೆಯ ಅಡಿಯಲ್ಲಿ ಬ್ಯಾಟರಿ. ಅದೂ ಹೋಗಲಿ. ಕರೆಂಟಿನ ಗಾಡಿ ಗುಡ್ಡ ಹತ್ತಬೇಕಾದರೆ ಎರಡು ಮೋಟರು ಬೇಕು, ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು. ಇದರಲ್ಲಿ ಮುಂದೆ ಮಾತ್ರ ಉಂಟು. ಹಿಂದಿನ ಚಕ್ರ ದಿಬ್ಬಣದ ನೆಂಟರ ಹಾಗೆ ಸುಮ್ಮನೆ ಬರುವುದು. ಇಂಥದ್ದಕ್ಕೆ ಕ್ರಾಸೋವರ್ ಅಂತ ಹೇಳುವುದು. ಊರಿನ ರಸ್ತೆಗೆ ಚಂದ."

"ಶೋರೂಮಿನಲ್ಲಿ ಹಾಗೆ ಹೇಳಲಿಲ್ಲ."

"ಅವರು ಹೇಳುವುದುಂಟಾ ಅಣ್ಣ?"

ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಅತ್ತೆ ಗದರಿದರು: "ಸಾಕು ನಿಮ್ಮ ಚರ್ಚೆ. ನನ್ನನ್ನು ಬನಕ್ಕೆ ಮುಟ್ಟಿಸಿದರೆ ಆಯ್ತು. ಹೆಸರು ಕಟ್ಟಿಕೊಂಡು ನನಗೆ ಎಂತ ಆಗಬೇಕು?"

ನನಗೆ ಇದ್ದ ಹೆದರಿಕೆ ಅದೇ. ಪಂಚಮಿಯ ದಿನ ಅತ್ತೆ ತನ್ನ ಕೈಯಿಂದ ಬೊಂಡ ಒಪ್ಪಿಸಿ, ಭಟ್ಟರು ಆ ಎಳನೀರನ್ನೂ ಹಾಲನ್ನೂ ನಾಗನ ಕಲ್ಲಿನ ಮೇಲೆ ಎರೆಯುವುದನ್ನು ಕಣ್ಣಾರೆ ನೋಡುವ ತನಕ ಒಂದು ತೊಟ್ಟು ನೀರೂ ಕುಡಿಯುವವರಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಹೊಟ್ಟೆ ಖಾಲಿ ಬಿಟ್ಟರೆ ಯಾವಾಗ ಬೇಕಾದರೂ ಬೀಳಬಹುದೆಂದು ಡಾಕ್ಟರು ನನ್ನನ್ನು ಕರೆದು ಹೇಳಿದ್ದರು. ಬೆಳಿಗ್ಗೆ ಹತ್ತರೊಳಗೆ ಎರೆದು ಮುಗಿಯಬೇಕು ಎಂಬುದೊಂದೇ ನನ್ನ ಲೆಕ್ಕ.

ಬನಕ್ಕೆ ಬರಲಾಗದ ಮನೆಗಳವರು ತಮ್ಮ ಪಾಲಿನ ಬೊಂಡವನ್ನು ಹೋಗುವವರ ಕೈಯಲ್ಲಿ ಕಳುಹಿಸುವುದು ನಮ್ಮಲ್ಲಿಯ ಕ್ರಮ. ಹೆಜಮಾಡಿಯ ನಾದಿನಿ ಕಳುಹಿಸಿದಳು, ಕೆಮ್ಮಣ್ಣಿನ ದೊಡ್ಡಪ್ಪನ ಮನೆಯಿಂದ ಎರಡು ಗೊನೆ ಬಂತು, ಗಲ್ಫಿನಲ್ಲಿರುವ ಮೈದುನನ ಹೆಸರಿನಲ್ಲಿ ನಾವೇ ಕೀಳಿಸಿದೆವು. ಎಲ್ಲವನ್ನೂ ಡಿಕ್ಕಿಯಲ್ಲಿ ತುಂಬಿ, "ಜೀಪಿನಲ್ಲಿ ಇಷ್ಟು ಜಾಗ ಉಂಟಾ, ಹೇಳು," ಎಂದು ಗಂಡ ನನ್ನ ಮುಖ ನೋಡಿದರು. ಗಾಡಿಯ ಹಿಂಭಾಗ ಬಸುರಿಯ ಹೊಟ್ಟೆಯ ಹಾಗೆ ಕೆಳಗೆ ಜಗ್ಗಿತ್ತು. ಹಬ್ಬದ ದಿನ ಕೊಂಕು ಬೇಡವೆಂದು ನಾನು ಅತ್ತೆಯನ್ನು ಹತ್ತಿಸಲು ಹೋದೆ.

ಹಿರಿಯಡಕ, ಬೈಲೂರು ದಾಟುವಾಗ ಮಳೆ ನಿಂತಿತು. ಕಾರ್ಕಳ ಕಳೆದು ಟಾರು ಮುಗಿದು ಕೆಂಪು ಮುರಕಲ್ಲಿನ ಏರು ಸುರುವಾದಾಗ ಒಂಬತ್ತೂವರೆ. ಆದರೆ ಬೆಳಕು ಸಂಜೆಯ ಹಾಗೆ ಮಂಕಾಗಿತ್ತು, ಮಂಜು ಗೇರುಮರಗಳ ಸೊಂಟದ ತನಕ ಇಳಿದಿತ್ತು. ದಾರಿಯ ತಿರುವಿನ ಕೆಳಗೆ ಕಲ್ಲು ಕಡಿದು ಬಿಟ್ಟ ಹಳೆಯ ಹೊಂಡ, ಅದರ ತುಂಬ ಹಸಿರು ನೀರು. ಕಟ್ಟೆ ಇಲ್ಲ, ಬೇಲಿ ಇಲ್ಲ.

ಜೀಪಿನಲ್ಲಾದರೆ ಈ ಏರಿನಲ್ಲಿ ಇಂಜಿನಿನ ಆರ್ಭಟಕ್ಕೆ ಮಾತೇ ಕೇಳುತ್ತಿರಲಿಲ್ಲ. ಈಗ ಅತ್ತೆಯ ತುಟಿಯಲ್ಲಿ ನಡೆಯುತ್ತಿದ್ದ ಜಪವೂ ಕೇಳುತ್ತಿತ್ತು, ಎಲೆಯಿಂದ ಎಲೆಗೆ ಬೀಳುವ ಹನಿಯೂ ಕೇಳುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಹತ್ತಿದ್ದೆವು. ಮುಂದಿನ ಚಕ್ರ ಇದ್ದಲ್ಲೇ ತಿರುಗಿತು, ಒದ್ದೆ ಸೀರೆ ಉಜ್ಜಿದಷ್ಟು ಸಣ್ಣ ಸದ್ದಿನಲ್ಲಿ. ಗಂಡ ಇನ್ನೂ ಒತ್ತಿದರು. ಮತ್ತೆ ಬ್ರೇಕು ಹಾಕಿದರು.

"ನಿಂತಿತು, ಹೆದರಬೇಡಿ," ಎಂದರು.

ನಾನು ಕಿಟಕಿಯ ಹೊರಗೆ ನೋಡಿದೆ. ಅಲ್ಲಿದ್ದ ಗೇರುಮರ ಮೆಲ್ಲನೆ ಮುಂದಕ್ಕೆ ಹೋಗುತ್ತಿತ್ತು. ಅದರ ಹಿಂದೆ ಇನ್ನೊಂದು ಮರವೂ ಹೋಯಿತು. ಮರ ನಡೆಯುವುದಿಲ್ಲ, ನಾವು ಹಿಂದೆ ಜಾರುತ್ತಿದ್ದೇವೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಚಕ್ರ ತಿರುಗುತ್ತಿರಲಿಲ್ಲ. ಯಾವ ಸದ್ದೂ ಇರಲಿಲ್ಲ.

"ನಾನು ಬ್ರೇಕ್ ಒತ್ತಿದ್ದೇನೆ," ಎಂದು ಗಂಡ ಯಾರಿಗೋ ಸಮಾಧಾನ ಹೇಳುವವರಂತೆ ಹೇಳಿದರು. ಅವರ ಮುಂದೆ ಹಿಂಬದಿ ಕ್ಯಾಮರಾದ ಪರದೆಯಲ್ಲಿ ಪಾಚಿಗಟ್ಟಿದ ಕಲ್ಲು ಕಾಣುತ್ತಿತ್ತು, ಅದರ ಆಚೆ ಹಸಿರು ನೀರು ದೊಡ್ಡದಾಗುತ್ತ ಬರುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಜಪದಲ್ಲಿದ್ದರು.

ಆಮೇಲೆ ಗಾಡಿ ನಿಂತಿತು. ತಾಗಿದ ಪೆಟ್ಟಿಲ್ಲ, ಕುಲುಕಿಲ್ಲ. ದೋಣಿ ಮರಳಿಗೆ ಮುಟ್ಟಿದಷ್ಟು ಮೆತ್ತಗೆ.

ಇಳಿದು ಹಿಂದೆ ಹೋಗಿ ನೋಡಿದೆ. ಚಕ್ರದ ಹಿಂದೆ ಕಲ್ಲಿರಲಿಲ್ಲ, ಬೇರಿರಲಿಲ್ಲ. ಮೇಲಿನಿಂದ ಜಾರಿದ ಎರಡು ನುಣ್ಣನೆ ಗೆರೆಗಳು ಅಲ್ಲಿಯ ತನಕ ಬಂದು ಮುಗಿದಿದ್ದವು. ಹೊಂಡಕ್ಕೆ ಉಳಿದಿದ್ದದ್ದು ಒಲೆಯಿಂದ ಅಡುಗೆಮನೆಯ ಬಾಗಿಲಿಗೆ ಇರುವಷ್ಟು ಜಾಗ.

"ಇಲ್ಲಿ ಪಾಚಿ ಕಡಿಮೆ ಇರಬೇಕು," ಎನ್ನುತ್ತ ಗಂಡ ದೊಡ್ಡ ಕಲ್ಲುಗಳನ್ನು ತಂದು ಚಕ್ರಕ್ಕೆ ಕೊಟ್ಟರು. ನಾನು ಬಗ್ಗಿ ನೆಲಕ್ಕೆ ಅಂಗೈ ಇಟ್ಟೆ. ಎಣ್ಣೆ ಹಚ್ಚಿದ ಬಾಣಲೆಯ ಹಾಗೆ ಕೈ ಜಾರಿತು.

"ಬೊಂಡದ ಭಾರ ಎಲ್ಲ ಹಿಂದೆ," ಎಂದರು ಅವರು, ನನ್ನನ್ನು ನೋಡದೆ. "ಏರಿನಲ್ಲಿ ಮೂತಿ ಹಗುರವಾಯ್ತು. ಎಳೆಯುವುದು ಆ ಎರಡೇ ಚಕ್ರ ಅಲ್ವಾ."

ಜೀಪಿನವರಿಗೆ ಫೋನು ಮಾಡಿದರು. ಈಗಲೇ ಹೊರಟೆ, ಗಂಟೆಯ ಮೇಲಾದೀತು ಎಂದರು ಅವರು. ಮೇಲೆ ಬನದಲ್ಲಿ ಭಟ್ಟರ ಗಂಟೆ ಕೇಳುತ್ತಿತ್ತು. ಆ ದಿನ ಅವರಿಗೆ ಇನ್ನೂ ಎಷ್ಟೋ ಬನಗಳು, ನಮಗಾಗಿ ಕಾಯುವವರಲ್ಲ. ಅತ್ತೆಯ ಕೈ ಆಗಲೇ ಸಣ್ಣಗೆ ನಡುಗುತ್ತಿತ್ತು, ತುಟಿ ಬೆಳ್ಳಗಾಗಿತ್ತು.

"ಅತ್ತೆ, ಒಂದು ಗುಟುಕು ಕುಡಿಯಿರಿ. ನಾಗ ಸಿಟ್ಟಾಗುವುದಿಲ್ಲ."

"ನೀನು ಸುಮ್ಮನಿರು ಮಾರಾಯ್ತಿ. ನಾಗನ ಪರವಾಗಿ ನೀನು ಹೇಳಬೇಡ. ನಡೆಯುವ."

ಮನೆಯಲ್ಲಿ ಕೋಣೆಯಿಂದ ಜಗಲಿಗೆ ಬರಲು ಎರಡು ಸಲ ಕೂರುವ ಹೆಂಗಸು!

ಗಂಡ ಬದಿಯ ತೋಡಿನ ನೀರನ್ನು ತಲೆಗೆ ಹೊಯ್ದುಕೊಂಡು, ಮಡಿ ಪಂಚೆ ಉಟ್ಟು, ಹಾಲಿನ ತಂಬಿಗೆಯನ್ನೂ ಬೊಂಡದ ಒಂದು ಗೊನೆಯನ್ನೂ ಎತ್ತಿಕೊಂಡರು. ಹಾಗೆ ಹೊತ್ತವರು ಎರೆದು ಮುಗಿಯುವ ತನಕ ಯಾರನ್ನೂ ಮುಟ್ಟುವಂತಿಲ್ಲ. ಅದಕ್ಕೆ ಅವರು ಹತ್ತು ಹೆಜ್ಜೆ ಮುಂದೆ ನಡೆದರು. ನಾನು ಅತ್ತೆಯ ಎಡಗೈ ಹಿಡಿದು ಕೊಡೆ ಬಿಡಿಸಿದೆ.

ಮಂಜು ದಟ್ಟವಾಯಿತು. ಗಂಡನ ಬೆನ್ನು ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಜೀರುಂಡೆಗಳು ಯಾವಾಗ ಸುಮ್ಮನಾದವೋ ನನಗೆ ಗೊತ್ತಾಗಲಿಲ್ಲ. ಅತ್ತೆ ಎಲ್ಲಿಯೂ ಕೂರಲಿಲ್ಲ. ಒಂದು ಕಡೆ ಕಾಲು ತಪ್ಪಿ ಪೂರ್ತಿ ಬಲಕ್ಕೆ ವಾಲಿದರು, ನನ್ನ ಹಿಡಿತ ಬಿಟ್ಟೇಹೋಯಿತು. ಬಿದ್ದರು ಎಂದುಕೊಂಡೆ. ಬೀಳಲಿಲ್ಲ. ಗೋಡೆಗೆ ಒರಗಿದವರಂತೆ ಗಳಿಗೆ ಹೊತ್ತು ಹಾಗೆಯೇ ನಿಂತು, ನೆಟ್ಟಗಾಗಿ ನಡೆದರು.

ಭಟ್ಟರು ಗಂಟು ಕಟ್ಟುತ್ತಿದ್ದವರು ನಮ್ಮನ್ನು ಕಂಡು ಮತ್ತೆ ಬಿಚ್ಚಿದರು. ಅತ್ತೆ ತನ್ನ ಕೈಯಾರೆ ಬೊಂಡ ಕೊಟ್ಟರು. ಹಾಲೂ ಎಳನೀರೂ ಕಲ್ಲಿನ ಹೆಡೆಯ ಮೇಲಿನಿಂದ ಹರಿದು ಅರಿಶಿನದ ಎಲೆಯ ಮೇಲೆ ಇಳಿದದ್ದನ್ನು ನೋಡಿ ಕೈಮುಗಿದರು. ಅನಂತರ ನಾನು ಕೆತ್ತಿ ಕೊಟ್ಟ ಬೊಂಡವನ್ನು ಒಂದೇ ಉಸಿರಿಗೆ ಕುಡಿದರು. ತುಟಿಗೆ ಬಣ್ಣ ಬಂತು. ಹೊಂಡಕ್ಕೆ ಬೀಳಲಿಲ್ಲ, ಭಟ್ಟರು ಹೋಗಿರಲಿಲ್ಲ, ಅತ್ತೆ ಕುಸಿಯಲಿಲ್ಲ ಎಂದು ನಾನು ಮನಸ್ಸಿನಲ್ಲಿ ಒಂದೊಂದಾಗಿ ಎಣಿಸುತ್ತಿದ್ದೆ.

ಅತ್ತೆ ಸೆರಗಿನಲ್ಲಿ ಬಾಯಿ ಒರಸಿಕೊಂಡು ಮಗನತ್ತ ತಿರುಗಿದರು.

"ಮಡಿಯಲ್ಲಿರುವಾಗ ನೀನು ನನ್ನ ಕೈ ಹಿಡಿಯಬಾರದಿತ್ತು ಮಗ. ಇರಲಿ, ನಾಗ ಕ್ಷಮಿಸುತ್ತಾನೆ. ಬಲಗಡೆ ನೀನಿದ್ದ ಕಾರಣ ಇಲ್ಲಿ ತನಕ ಮುಟ್ಟಿದೆ. ಎಂತ ತಣ್ಣಗೆ ಮಾರಾಯ ನಿನ್ನ ಕೈ."

ಗಂಡ ನನ್ನನ್ನು ನೋಡಿದರು. "ಅಮ್ಮ, ನಾನು ಮುಂದೆ..." ಎಂದು ಬಾಯಿ ತೆರೆದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ.

"ಇನ್ನೊಂದು ಬೊಂಡ ಕೆತ್ತಲಾ?" ಎಂದು ಗಂಡ ಕೇಳಿದರು ಆಮೇಲೆ.

"ಕೆತ್ತು. ಬಾಯಾರಿಕೆ ಹೋಗಲಿಲ್ಲ."

ಅವರು ಕತ್ತಿ ಎತ್ತಿಕೊಂಡರು, ಬೊಂಡ ಎತ್ತಿಕೊಳ್ಳಲು ಮರೆತರು. ನಾನೇ ತೆಗೆದುಕೊಂಡು ಕೆತ್ತಿದೆ. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಗಂಟಲು ಕುಣಿಸುತ್ತ, ಕೊನೆಯ ಹನಿಯ ತನಕ ಕುಡಿದರು.